ಸೆವ್ರಿನ್ ಬಾಯಮ್ಮನ ಪೆಟ್ಟಿಗೆಯ ಚಿಲಕ

ಒಂದಾನೊಂದು ಊರಿನಲ್ಲಿ ಒಂದೇ ರಸ್ತೆಯಿತ್ತು. ಆ ರಸ್ತೆಗೆ ಒಂದೇ ತಿರುವಿತ್ತು. ಹತ್ತಿರ ಬನ್ನಿ. ಬೆಂಕಿಯ ಕಡೆಗೆ ಕಾಲು ಚಾಚಬೇಡಿ. ನೆಟ್ಟಗೆ ಕುಳಿತು ಕೇಳಿ.

ಆ ಊರಿನಲ್ಲಿ ಸಾಯುವ ಕ್ರಮ ಬಹಳ ಅಚ್ಚುಕಟ್ಟು. ವಯಸ್ಸಾಗಿ ಮೇಲಿನಿಂದ ಕರೆ ಬಂದವರು ಸ್ನಾನ ಮಾಡುವರು. ಒಗೆದ ಬಟ್ಟೆ ಉಡುವರು. ತಮ್ಮ ಶವಪೆಟ್ಟಿಗೆಯಲ್ಲಿ ತಾವೇ ಮಲಗುವರು. ಮುಚ್ಚಳ ಭದ್ರವಾದ ಕೂಡಲೇ ಹೋಗುವರು. ಭದ್ರವಾಗದಿದ್ದರೆ ಹೋಗುವಂತಿಲ್ಲ. ಗಾಳಿಗೆ ಮುಚ್ಚಳ ತೆರೆದುಕೊಂಡರೆ ಪ್ರಾಣಕ್ಕೆ ನೆಗಡಿಯಾಗಿ ಅದು ಅರ್ಧ ದಾರಿಯಿಂದ ಹಿಂದೆ ಬರುತ್ತದೆ. ಸೀನುತ್ತಾ ಬಂದ ಪ್ರಾಣವನ್ನು ಯಾರು ನೋಡಿಕೊಳ್ಳುವುದು?

ಮೊದಲೆಲ್ಲ ಮುಚ್ಚಳಕ್ಕೆ ಮೊಳೆ ಹೊಡೆಯುತ್ತಿದ್ದರು. ಮೊಳೆ ಹೊಡೆಯುವವನು ಕೊಗ್ಗ ಆಚಾರಿ. ಒಮ್ಮೆ ಆ ಊರಿನ ರಾಜ ಒಂದು ಸಾವಿಗೆ ಮುಖ ತೋರಿಸಲು ಹೋಗಿ, ಕುಳಿತಲ್ಲೇ ತೂಕಡಿಸಿದ. ಸುತ್ತಿಗೆಯ ಸದ್ದಿಗೆ ಬೆಚ್ಚಿ ಎದ್ದ.

"ಮಲಗಿದವರ ತಲೆಯ ಮೇಲೆ ಸುತ್ತಿಗೆ ಬಡಿಯುವುದೇ? ಇದು ಯಾವ ಊರಿನ ಸಂಸ್ಕಾರ?" ಎಂದು ಕೂಗಿದ. "ಇನ್ನು ಮುಂದೆ ಮೊಳೆ ಇಲ್ಲ. ಚಿಲಕ!"

ಅಂದಿನಿಂದ ರಾಜನಿಗೆ ಚಿಲಕದ್ದೇ ಧ್ಯಾನ. ಉಣ್ಣುವಾಗ ಚಿಲಕ, ಮಲಗುವಾಗ ಚಿಲಕ. "ನಿಮಗೆ ನಾನು ಬೇಕೋ ಚಿಲಕ ಬೇಕೋ?" ಎಂದು ರಾಣಿ ಕೇಳಿದರೆ, "ಯಾವ ಚಿಲಕ?" ಎಂದು ಕೇಳಿದನಂತೆ. ಊರಿನವರು ಅವನನ್ನು ಚಿಲಕರಾಯ ಎಂದೇ ಕರೆದರು.

ಆದರೆ ಶವಪೆಟ್ಟಿಗೆಗೆ ಒಪ್ಪುವ ಚಿಲಕ ಎಲ್ಲಿದೆ? ಕೊಟ್ಟಿಗೆಯ ಚಿಲಕ ಹಾಕಿದರೆ ಹಾಲು ಕರೆಯುವ ಹೊತ್ತಿಗೆ ಅದು ತಾನಾಗಿ ತೆರೆದುಕೊಂಡಿತು. ಬೀರುವಿನ ಚಿಲಕ ಹಾಕಿದರೆ ಒಳಗೆ ಮಲಗಿದವರು ಬಟ್ಟೆಯ ನಡುವೆ ಇಡುವ ನುಸಿಗುಳಿಗೆ ಕೇಳಿದರು. ಕರೆ ಬಂದವರೆಲ್ಲ ತೆರೆದ ಪೆಟ್ಟಿಗೆಯಲ್ಲಿ ಬಿದ್ದುಕೊಂಡು, ದಾರಿಯಲ್ಲಿ ಹೋಗುವವರ ಹತ್ತಿರ ಪೇಟೆಯ ಸುದ್ದಿ ವಿಚಾರಿಸುತ್ತಾ ದಿನ ಕಳೆದರು.

ಇದನ್ನೆಲ್ಲ ನೋಡಿ ಸೆವ್ರಿನ್ ಬಾಯಮ್ಮನಿಗೆ ಸಿಟ್ಟು ಬಂತು.

ಸೆವ್ರಿನ್ ಬಾಯಮ್ಮ ಆ ರಸ್ತೆಯಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ನೆಟ್ಟಗಿನವರು. ಅವರ ಸೆರಗಿನ ನೆರಿಗೆ ಕೂಡ ಅನುಮತಿಯಿಲ್ಲದೆ ಅಲುಗುತ್ತಿರಲಿಲ್ಲ. ಅವರಿಗೂ ಕರೆ ಬಂದಿತ್ತು. ಹೋಗಲು ಅವಸರವೂ ಇತ್ತು. ಅವರ ಗಂಡ ಬಸ್ತ್ಯಾಂವ್ ಪೊರ್ಬುಗಳು ಮೊಳೆಯ ಕಾಲದಲ್ಲೇ ಮೇಲೆ ಹೋಗಿದ್ದರು. ಒಳ್ಳೆಯ ಮನುಷ್ಯ. ಆದರೆ ಮೀನಿನ ಮುಳ್ಳು ತೆಗೆಯಲು ಬರುತ್ತಿರಲಿಲ್ಲ. ಬದುಕಿದ್ದಷ್ಟು ದಿನವೂ ಬಾಯಮ್ಮನೇ ಬಿಡಿಸಿ ಬಟ್ಟಲಿಗೆ ಹಾಕಬೇಕಿತ್ತು. ಮೇಲಿನ ಲೋಕದಲ್ಲಿ ಶುಕ್ರವಾರ ಶುಕ್ರವಾರ ಬೂತಾಯಿ ಮೀನು ಬಡಿಸುತ್ತಾರೆ. ಪೊರ್ಬುಗಳು ಬಟ್ಟಲಿನ ಮುಂದೆ ಕೈ ಕಟ್ಟಿಕೊಂಡು ಕೂರುತ್ತಾರೆ. ಕನಸಿನಲ್ಲಿ ಬಂದು ಅವರೇ ಹೇಳಿದ್ದರು: "ಸೆವ್ರಿನ್, ಸಾರು ಮಾತ್ರ ಕುಡಿದು ಏಳುತ್ತಿದ್ದೇನೆ."

ಆ ದಿನ ಗುರುವಾರ.

ಬಾಯಮ್ಮ ಕೊಗ್ಗ ಆಚಾರಿಯನ್ನು ಕರೆಸಿದರು. "ಆಚಾರಿ, ನನ್ನ ಹೆಬ್ಬಾಗಿಲಿನ ಹಿತ್ತಾಳೆ ಚಿಲಕ ಬಿಚ್ಚಿ. ನನ್ನ ಪೆಟ್ಟಿಗೆಗೆ ಜೋಡಿಸಿ. ಈ ಊರಿನಲ್ಲಿ ಮರ್ಯಾದೆ ಗೊತ್ತಿರುವ ಚಿಲಕ ಅದೊಂದೇ."

ಅದು ನಿಜ. ಆ ಚಿಲಕವನ್ನು ಬಾಯಮ್ಮ ಸ್ವತಃ ಪಳಗಿಸಿದ್ದರು. ನೆಂಟರು ಬಾಗಿಲು ತಟ್ಟಿದರೆ ತಕ್ಷಣ ತೆರೆದುಕೊಳ್ಳಬೇಕು. ನೆಂಟರು ಹೊರಟರೆ, ಅವರು ತಿರುವು ದಾಟಿ ಕಣ್ಮರೆಯಾಗುವವರೆಗೆ ಮುಚ್ಚಿಕೊಳ್ಳಬಾರದು. ಅಂಗಳ ದಾಟುವ ಮೊದಲೇ ಹಿಂದಿನಿಂದ ಚಿಲಕದ ಸದ್ದು ಕೇಳಿದರೆ ನೆಂಟರು ಏನು ತಿಳಿದುಕೊಂಡಾರು? "ಎದ್ದು ಹೋದರೆ ಸಾಕು ಎಂದು ಕಾಯುತ್ತಿದ್ದರು" ಎನ್ನುವುದಿಲ್ಲವೇ?

ಕೊಗ್ಗ ಆಚಾರಿ ಚಿಲಕ ಜೋಡಿಸಿದ. ಬಾಯಮ್ಮ ಮಲಗಿ, ಕೈ ಜೋಡಿಸಿ, ಕಣ್ಣು ಮುಚ್ಚಿದರು. ಊರಿಗೆ ಊರೇ ಅಂಗಳದಲ್ಲಿ ನಿಂತಿತ್ತು. ಮುಚ್ಚಳ ಕೂತಿತು. ಚಿಲಕ ಮಾತ್ರ ಬೀಳಲಿಲ್ಲ. ಆಚಾರಿ ಒತ್ತಿದ. ಬೀಳಲಿಲ್ಲ. ಎಣ್ಣೆ ಬಿಟ್ಟ. ಬೀಳಲಿಲ್ಲ.

"ಎಣ್ಣೆ ಯಾಕೆ ಸುರಿಯುತ್ತೀ ಆಚಾರಿ?" ಎಂದಿತು ಚಿಲಕ. "ನನಗೇನು ತುಕ್ಕು ಹಿಡಿದಿದೆಯೇ? ನೆಂಟರು ಇನ್ನೂ ತಿರುವು ದಾಟಿಲ್ಲ."

"ಯಾವ ನೆಂಟರು ಮಾರಾಯ?"

"ಇಲ್ಲಿಂದ ಹೊರಟವರು ಯಾರು? ಬಾಯಮ್ಮ. ಹೊರಟವರೇ ನೆಂಟರು."

ಪೆಟ್ಟಿಗೆಯೊಳಗೆ ಬಾಯಮ್ಮನಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಇಷ್ಟು ವರ್ಷ ಇಷ್ಟು ಜನರಿಗೆ ಹೇಳಿದ್ದನ್ನು ಸರಿಯಾಗಿ ಕಲಿತದ್ದು ಒಂದು ಹಿತ್ತಾಳೆ ತುಂಡು. ಆಮೇಲೆ ಅವರಿಗೆ ಶುಕ್ರವಾರದ ನೆನಪಾಯಿತು.

"ಹಾಗಾದರೆ ನನ್ನನ್ನು ಹೊತ್ತು ತಿರುವು ದಾಟಿಸಿ," ಎಂದರು ಒಳಗಿನಿಂದಲೇ.

ಹೊತ್ತರು. ತಿರುವು ದಾಟಿಸಿದರು. ಇಳಿಸಿದರು. ಚಿಲಕ ಬೀಳಲಿಲ್ಲ.

"ನಾನೂ ಜೊತೆಗೇ ಬಂದೆನಲ್ಲ," ಎಂದಿತು. "ಬಾಯಮ್ಮ ನನ್ನ ಮೂಗಿನ ಕೆಳಗೇ ಇದ್ದಾರೆ. ಕಣ್ಮರೆ ಎಲ್ಲಾಯಿತು?"

ಹಿಂದೆ ತಂದರು. ಬೀಳಲಿಲ್ಲ. ಮತ್ತೆ ದಾಟಿಸಿದರು. ಬೀಳಲಿಲ್ಲ. ಹೊತ್ತವರ ಹೆಗಲು ಕೆಂಪಾಯಿತು. "ಬಾಯಮ್ಮ, ಸ್ವಲ್ಪ ಇಳಿದು ನಡೆಯುತ್ತೀರಾ?" ಎಂದು ಒಬ್ಬ ಕೇಳಿದ. ಬಾಯಮ್ಮ ಮುಚ್ಚಳ ಸರಿಸಿ ಅವನ ಮುಖ ನೋಡಿದರು. ಅವನು ಮತ್ತೆ ಕೇಳದೆ, ಉಳಿದವರ ಜೊತೆ ಪೆಟ್ಟಿಗೆಯನ್ನು ಅಂಗಳಕ್ಕೇ ತಂದು ಇಳಿಸಿದ.

ಸುದ್ದಿ ಅರಮನೆಗೆ ಹೋಯಿತು. ಚಿಲಕರಾಯ ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿ ಬಂದ. ಚಿಲಕದ ಮುಂದೆ ಮೊಣಕಾಲೂರಿ ಕುಳಿತ.

"ಎಂಥ ಚಿಲಕ! ಎಂಥ ಚಿಲಕ! ಇದು ಮುಚ್ಚಿಕೊಳ್ಳುವುದನ್ನು ನಾನು ಕಣ್ಣಾರೆ ನೋಡಬೇಕು. ನೆಂಟರು ತಿರುವು ದಾಟಲಾರರಾದರೆ ತಿರುವೇ ನೆಂಟರನ್ನು ದಾಟಲಿ. ಅಗೆಯಿರಿ!"

ತಿರುವನ್ನು ಅಗೆದರು. ತಿರುವು ಸಂಕೋಚದಿಂದ ಹೇಳಿತು: "ಬರುತ್ತೇನೆ ಮಹಾಪ್ರಭು. ಆದರೆ ನನಗೆ ಒಂಟಿಯಾಗಿ ಬಂದು ಅಭ್ಯಾಸವಿಲ್ಲ. ಈ ಕಡೆಯ ರಸ್ತೆಯನ್ನೂ ಆ ಕಡೆಯ ರಸ್ತೆಯನ್ನೂ ಬಿಟ್ಟು ಬಂದರೆ ನನ್ನನ್ನು ತಿರುವು ಎಂದು ಯಾರು ಹೇಳುತ್ತಾರೆ?"

ಅದೂ ಸರಿ ಎನಿಸಿತು. ತಿರುವನ್ನು ಎತ್ತಿನ ಗಾಡಿಗೆ ಹೇರಿದರು. ಹಿಂದಿನಿಂದ ಎರಡೂ ಕಡೆಯ ರಸ್ತೆ ಎಳೆದುಕೊಂಡು ಬಂತು. ರಸ್ತೆಯ ಜೊತೆ ಕ್ಷೌರದಂಗಡಿ ಬಂತು. ಅರ್ಧ ಗಡ್ಡ ತೆಗೆಸಿಕೊಂಡವನು ಕುರ್ಚಿ ಸಮೇತ ಬಾಯಮ್ಮನ ಮುಂದೆ ಹಾದುಹೋದ. "ಬಾಯಮ್ಮ, ಇನ್ನೂ ಹೋಗಲಿಲ್ಲವಾ?" ಎಂದು ಕೇಳುತ್ತಾ ಹೋದ.

"ಮೊದಲು ಮುಖದ ಇನ್ನೊಂದು ಕಡೆ ನೋಡಿಕೊಳ್ಳಿ," ಎಂದರು ಬಾಯಮ್ಮ.

ಗಾಡಿ ಪೆಟ್ಟಿಗೆಯನ್ನು ದಾಟಿತು. ಎಲ್ಲರೂ ಬಗ್ಗಿ ಚಿಲಕವನ್ನು ನೋಡಿದರು.

"ತಿರುವು ನೆಂಟರನ್ನು ದಾಟಿತು," ಎಂದಿತು ಚಿಲಕ. "ನೆಂಟರು ತಿರುವನ್ನು ದಾಟಲಿಲ್ಲ."

ಇಷ್ಟಕ್ಕೇ ಮುಗಿದಿದ್ದರೆ ಸರಿಯಿತ್ತು. ತಿರುವು ಗಾಡಿ ಹತ್ತಿದ್ದರಿಂದ ಈಗ ಊರಿನಲ್ಲಿ ತಿರುವೇ ಇಲ್ಲ. ರಸ್ತೆ ಕೋಲಿನಂತೆ ನೆಟ್ಟಗೆ ಆಕಾಶದ ಅಂಚಿನವರೆಗೆ ಹೋಯಿತು. ಬೆಳಿಗ್ಗೆ ಯಾವ ಯಾವ ಮನೆಯಿಂದ ನೆಂಟರು ಹೊರಟಿದ್ದರೋ ಅವರೆಲ್ಲ ನಡೆದೇ ನಡೆದರು, ಮರೆಯಾಗಲೇ ಇಲ್ಲ. ಎಷ್ಟು ದೂರ ಹೋದರೂ ಇರುವೆಯಷ್ಟಾಗಿ ಕಾಣುತ್ತಲೇ ಇದ್ದರು. ಮನೆಯವರು ಬಾಗಿಲಲ್ಲಿ ನಿಂತು ಕೈ ಬೀಸಿಯೇ ಬೀಸಿದರು. ಬಾಯಮ್ಮ ನೋಡುತ್ತಿರುವಾಗ ಒಳಗೆ ಹೋಗುವಂತಿಲ್ಲ, ಬಾಗಿಲು ಹಾಕುವಂತಿಲ್ಲ. ಒಲೆಯ ಮೇಲೆ ಅನ್ನ ಸೀದಿತು. ತೆರೆದ ಬಾಗಿಲಿನಿಂದ ಕೋಳಿಗಳು ಒಳಗೆ ಹೋಗಿ ಮಂಚದ ಮೇಲೆ ಕುಳಿತವು.

ಬಿಸಿಲು ಪಡುವಣಕ್ಕೆ ವಾಲಿತು. ಬಾಯಮ್ಮ ಮುಚ್ಚಳದ ಸಂದಿಯಿಂದ ನೆರಳಿನ ಉದ್ದ ನೋಡಿದರು. ಮೇಲಿನ ಅಡುಗೆಮನೆಯಲ್ಲಿ ಈಗ ನಾಳೆಯ ಬೂತಾಯಿ ತೊಳೆಯುತ್ತಿರಬಹುದು.

ಕೊಗ್ಗ ಆಚಾರಿ ಬಗ್ಗಿ ಪಿಸುಗುಟ್ಟಿದ: "ಬಾಯಮ್ಮ, ರಾಜರು ಆಚೆ ನೋಡುವಾಗ ಒಂದೇ ಒಂದು ಸಣ್ಣ ಮೊಳೆ..."

"ಮೊಳೆಯೇ? ನಿಮ್ಮದೇ? ನಮ್ಮ ಪೊರ್ಬುಗಳ ಪೆಟ್ಟಿಗೆಗೆ ನೀವು ಹೊಡೆದದ್ದರಲ್ಲಿ ಒಂದು ಸೊಟ್ಟಗಿತ್ತು. ನಾನು ಮರೆತಿಲ್ಲ."

"ಹಾಗಾದರೆ ಚಿಲಕಕ್ಕೆ ನೀವೇ ಹೇಳಿ ಬಾಯಮ್ಮ. ಕಲಿಸಿದ್ದು ನೀವಲ್ವಾ? ಇವತ್ತೊಂದು ದಿನ ಬೇಡ ಅನ್ನಿ."

"ಒಂದು ದಿನ ಬೇಡ ಎನ್ನುವುದಾದರೆ ಉಳಿದ ದಿನ ಯಾಕೆ ಕಲಿಸಬೇಕಿತ್ತು?"

ಹೀಗೆಂದು ಬಾಯಮ್ಮ ಪೆಟ್ಟಿಗೆಯಲ್ಲಿ ಎದ್ದು ಕುಳಿತರು. ಅಂಗಳದಲ್ಲಿ ನೆರೆದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಬೆಳಿಗ್ಗೆಯಿಂದ ನಿಂತು ಎಲ್ಲರ ಮುಖ ಬಾಡಿತ್ತು. ಯಾರಿಗೂ ಒಂದು ಲೋಟ ನೀರು ಕೊಟ್ಟವರಿಲ್ಲ. ಬಾಯಮ್ಮನ ಕಿವಿ ನಾಚಿಕೆಯಿಂದ ಬಿಸಿಯಾಯಿತು. ತಪ್ಪು ಎಲ್ಲಿ ನಡೆದಿದೆ ಎಂದು ಆಗ ಅವರಿಗೆ ಹೊಳೆಯಿತು.

"ಚಿಲಕವೇ, ಈ ಪೆಟ್ಟಿಗೆ ಯಾರದು?"

"ನಿಮ್ಮದು ಬಾಯಮ್ಮ."

"ಇನ್ನು ಮುಂದೆ ನಾನು ಇರುವುದು ಎಲ್ಲಿ?"

"ಇದರಲ್ಲೇ."

"ಹಾಗಾದರೆ ಇದು ನನ್ನ ಮನೆ. ತನ್ನ ಮನೆಯಲ್ಲಿ ಮಲಗಿದವಳು ನೆಂಟಳು ಹೇಗಾದಾಳು? ನೆಂಟರು ಇವರು! ನನ್ನ ಮನೆಯ ಮುಂದೆ ಬೆಳಿಗ್ಗೆಯಿಂದ ನಿಂತವರು. ಇವರು ತಿರುವು ದಾಟಿದ ಮೇಲೆ ನೀನು ಮುಚ್ಚಿಕೊಂಡರೆ ತಪ್ಪೇನು?"

"ತಪ್ಪಿಲ್ಲ," ಎಂದಿತು ಚಿಲಕ. "ಆದರೆ ನೆಂಟರನ್ನು ಬರಿಗಂಟಲಲ್ಲಿ ಕಳಿಸುತ್ತೀರಾ?"

ಬಾಯಮ್ಮ ಇಳಿದರು. ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು. ದೊಡ್ಡ ಹಂಡೆಯಲ್ಲಿ ಬೆಲ್ಲದ ಕಾಫಿ ಕಾಯಿಸಿದರು. ಹೊತ್ತವರಿಗೆ ಕೊಟ್ಟರು, ಅಗೆದವರಿಗೆ ಕೊಟ್ಟರು, ಅರ್ಧ ಗಡ್ಡದವನಿಗೂ ಕೊಟ್ಟರು. "ಲೋಟ ನೆಲದ ಮೇಲೆ ಇಡಬೇಡಿ. ಸೊರ ಸೊರ ಸದ್ದು ಮಾಡಬೇಡಿ," ಎಂದರು. ರಾಜನಿಗೆ ಅಂಚು ಒಡೆಯದ ಕಪ್ಪಿನಲ್ಲಿ ಕೊಟ್ಟರು. ಆಮೇಲೆ ಗಾಡಿಯಿಂದ ತಿರುವನ್ನು ಇಳಿಸಿ ಮೊದಲಿದ್ದ ಜಾಗದಲ್ಲೇ ನೆಡಿಸಿದರು. ಇರುವೆಯಷ್ಟಾಗಿದ್ದ ನೆಂಟರೆಲ್ಲ ಒಮ್ಮೆಗೇ ಮರೆಯಾದರು. ಊರಿನ ಬಾಗಿಲುಗಳೆಲ್ಲ ಪಟಪಟನೆ ಮುಚ್ಚಿಕೊಂಡವು.

ಕಾಫಿ ಕುಡಿದವರೂ ಸಾಲಾಗಿ ತಿರುವು ದಾಟಿದರು. ಬಾಯಮ್ಮ ಮತ್ತೆ ಮಲಗಿ, ಮುಚ್ಚಳ ತಾವೇ ಎಳೆದುಕೊಂಡು ಕಾದರು.

ಚಿಲಕ ಬೀಳಲಿಲ್ಲ.

"ಇನ್ನೊಬ್ಬರು ಇದ್ದಾರೆ," ಎಂದಿತು.

ಅಂಗಳದ ನಡುವೆ ಚಿಲಕರಾಯ ಖಾಲಿ ಕಪ್ಪು ಹಿಡಿದು ನಿಂತಿದ್ದ.

"ನಾನು ನೆಂಟನಲ್ಲ, ರಾಜ," ಎಂದ.

"ಕಾಫಿ ಕುಡಿದಿರೋ ಇಲ್ಲವೋ?" ಎಂದು ಚಿಲಕ ಕೇಳಿತು.

"ಕುಡಿದೆ."

"ಹಾಗಾದರೆ ನೆಂಟರು."

ರಾಜ ಉಪಾಯ ಮಾಡಿದ. ಪೆಟ್ಟಿಗೆಗೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಹೆಜ್ಜೆ ಹಾಕಿದ. ಚಿಲಕ ಇನ್ನಷ್ಟು ಅಗಲವಾಗಿ ತೆರೆದುಕೊಂಡಿತು. "ಮುಖ ಈ ಕಡೆಗಿದೆ. ಯಾರೋ ಬರುತ್ತಿದ್ದಾರೆ," ಎಂದಿತು.

ರಾಜ ಕೂತುಬಿಟ್ಟ. "ಬಾಯಮ್ಮ, ಅರ್ಧ ರಾಜ್ಯ ಕೊಡುತ್ತೇನೆ. ಬೇಕಾದರೆ ತಿರುವಿರುವ ಅರ್ಧವನ್ನೇ ತೆಗೆದುಕೊಳ್ಳಿ. ಅದು ಮುಚ್ಚಿಕೊಳ್ಳುವುದನ್ನು ಒಂದು ಸಲ ನೋಡಿಬಿಡುತ್ತೇನೆ."

"ಪೆಟ್ಟಿಗೆಯಲ್ಲಿ ನನಗೇ ಜಾಗ ಸಾಲದು. ಅರ್ಧ ರಾಜ್ಯ ಎಲ್ಲಿಡಲಿ?"

"ಅಷ್ಟು ಅವಸರ ಯಾಕೆ? ಶನಿವಾರ ಹೋಗಿ."

ಬಾಯಮ್ಮ ಯಾರ ಹತ್ತಿರವೂ ಮನೆಯ ವಿಷಯ ಹೇಳಿಕೊಂಡವರಲ್ಲ. ಬೇಡಿಕೊಂಡವರಂತೂ ಅಲ್ಲವೇ ಅಲ್ಲ. ಆದರೆ ಪಡುವಣದಲ್ಲಿ ಕೆಂಪು ಹತ್ತಿತ್ತು. ಅವರು ಮುಚ್ಚಳವನ್ನು ಗೇಣುದ್ದ ಎತ್ತಿ, ರಾಜನ ಕಡೆ ನೋಡದೆ ಹೇಳಿದರು:

"ನಾಳೆ ಮೇಲೆ ಮೀನು. ನಮ್ಮವರಿಗೆ ಮುಳ್ಳು ತೆಗೆಯಲು ಬರುವುದಿಲ್ಲ. ಪ್ರತಿ ಶುಕ್ರವಾರ ಹಸಿದು ಏಳುತ್ತಾರೆ. ನೀವು ಹೊರಟರೆ ಉಪಕಾರವಾಗುತ್ತದೆ."

ರಾಜನಿಗೂ ಮುಳ್ಳು ತೆಗೆಯಲು ಬರುತ್ತಿರಲಿಲ್ಲ. ಅರಮನೆಯಲ್ಲಿ ಅದನ್ನು ಮಾಡುತ್ತಿದ್ದವಳು ರಾಣಿ. ಅವಳ ಮುಖ ಸರಿಯಾಗಿ ನೋಡಿ ಎಷ್ಟು ದಿನವಾಯಿತೋ ಅವನಿಗೆ ನೆನಪಾಗಲಿಲ್ಲ.

ಅವನು ಎದ್ದ. ಕಪ್ಪನ್ನು ಜಗಲಿಯ ಮೇಲೆ ಇಟ್ಟ. "ಅದರ ಸದ್ದು ಹೇಗಿರುತ್ತದೆ?" ಎಂದು ಮೆಲ್ಲಗೆ ಕೇಳಿದ.

"ಸಾಮಾನ್ಯವಾಗಿ ನಾನು ಸದ್ದು ಮಾಡುವುದಿಲ್ಲ," ಎಂದಿತು ಚಿಲಕ. "ನಿಮಗಾಗಿ ಸ್ವಲ್ಪ ಮಾಡುತ್ತೇನೆ. ತಿರುವಿನ ಆಚೆ ಕಿವಿಗೊಟ್ಟು ನಿಲ್ಲಿ."

ಚಿಲಕರಾಯ ಬೆನ್ನು ಹಾಕಿ ನಡೆದ. ಒಮ್ಮೆಯೂ ತಿರುಗಿ ನೋಡಲಿಲ್ಲ. ತಿರುವು ದಾಟಿದ. ನಿಂತ.

ಟಿಕ್.

ಅಷ್ಟೇ. ರಾಜ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಅರಮನೆಗೆ ಹೋದ. ಕೊಗ್ಗ ಆಚಾರಿ ಮತ್ತು ಹೊರುವವರು ಹಿತ್ತಿಲ ಕಡೆಯಿಂದ ಬಂದು ಪೆಟ್ಟಿಗೆಯನ್ನು ಹೊತ್ತರು. ಹೆಬ್ಬಾಗಿಲಿನ ಚಿಲಕಕ್ಕೆ ಹಿತ್ತಿಲಿಂದ ಬಂದವರು ನೆಂಟರಲ್ಲ, ಮನೆಯವರು. ಅದು ತೆರೆದುಕೊಳ್ಳಲಿಲ್ಲ. ಶುಕ್ರವಾರ ಮಧ್ಯಾಹ್ನ ಊರಿನ ಮೇಲೆ ಸಣ್ಣ ಸಣ್ಣ ಮುಳ್ಳುಗಳು ಮಳೆಯಂತೆ ಉದುರಿದವು. ಪ್ರತಿಯೊಂದೂ ಚೊಕ್ಕಟವಾಗಿತ್ತು. ಒಂದರಲ್ಲೂ ಚೂರು ಮೀನು ಅಂಟಿರಲಿಲ್ಲ.

ಈ ಕತೆಯ ನೀತಿ ಇಷ್ಟೇ: ಗಂಡಸರು ಮುಳ್ಳು ತೆಗೆಯುವುದನ್ನು ಬದುಕಿರುವಾಗಲೇ ಕಲಿತಿರಬೇಕು.

ಹೇಳುವುದು ಮುಗಿಯಿತು, ಕೇಳುವುದು ಮುಗಿಯಿತು. ಚಾಪೆ ಸುತ್ತಿಡಿ, ಕೈ ತೊಳೆಯಿರಿ, ಊಟಕ್ಕೆ ಬನ್ನಿ.