ಎಡಗೈಯ ಕತ್ತಿ

"ಗುರುಗಳೇ, ಎರಡು ಕತ್ತಿ ಹಿಡಿದು ಕಾದುವ ವಿದ್ಯೆ ಹಿಂದೆ ನಿಜವಾಗಿ ಇತ್ತೇ?" ಎಂದು ಕೇತ ಕೇಳಿದ.

ಗರಡಿಯ ಗುರುಗಳು ಕತ್ತಿಯ ಅಲಗಿಗೆ ಎಣ್ಣೆ ಸವರುತ್ತಿದ್ದರು. "ಈಗ ಯಾಕೆ ಅದು?" ಎಂದರು.

"ಇದ್ದರೆ ನನಗೆ ಅದನ್ನೇ ಕಲಿಸಿ. ಕೆರೆಯ ಏರಿಯ ಮೇಲಿನ ವೀರಗಲ್ಲಿನಲ್ಲಿ ವೀರನ ಎರಡು ಕೈಯಲ್ಲೂ ಕತ್ತಿ ಇದೆ. ಅದಕ್ಕಿಂತ ಸಾಕ್ಷಿ ಬೇಕೇ? ಈ ಗುರಾಣಿ ಹೊತ್ತು ಹೊತ್ತು ನನ್ನ ಭುಜ ಇಳಿದುಹೋಗಿದೆ. ಇನ್ನು ಮೇಲೆ ನಾನು ಇದನ್ನು ಮುಟ್ಟುವುದಿಲ್ಲ."

ಗುರುಗಳು ಮೂಲೆಗೆ ಒರಗಿಸಿದ್ದ ಗುರಾಣಿಯನ್ನು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ತಳವಾರನಿದ್ದ. ಊರು ಕಾಯುವ ಕೆಲಸ ಅವನ ಮನೆತನದ್ದು. ಅವನ ತಾತ ದನಗಳ್ಳರೊಂದಿಗೆ ಕಾದಿ ಸತ್ತಿದ್ದ. ಅವನಿಗೆ ಊರ ಮುಂದೆ ವೀರಗಲ್ಲು ನಿಲ್ಲಿಸಿದ್ದರು. ಅಪ್ಪ ಜ್ವರ ಬಂದು ಸತ್ತಿದ್ದ, ಅವನಿಗೆ ಕಲ್ಲಿರಲಿಲ್ಲ.

ಅಪ್ಪ ಸತ್ತ ಮೇಲೆ ಪಕ್ಕದ ಊರಿನ ಒಬ್ಬ ಜಟ್ಟಿ ಬಂದು, ಈ ಕಾವಲು ತನಗೆ ಬೇಕು ಎಂದ. ಆಳು ಎತ್ತರವಾಗಿದ್ದ. ಅವನ ಕತ್ತಿ ಎಷ್ಟು ಭಾರವಾಗಿತ್ತೆಂದರೆ ಎದುರಾಳಿಯ ಗುರಾಣಿಯನ್ನು ಸೀಳಿ, ಅದರ ಹಿಂದಿದ್ದ ಕೈಯನ್ನೂ ವಿಚಾರಿಸಿಕೊಂಡು ಬರುತ್ತಿತ್ತು. ಸಭೆ ಸೇರಿತು. ಊರ ಗೌಡ ತಳವಾರನನ್ನು, "ನಿನ್ನಲ್ಲಿ ಏನು ವಿಶೇಷ?" ಎಂದು ಕೇಳಿದ.

"ನಮ್ಮದು ಎರಡು ಕತ್ತಿಯ ಮನೆತನ. ತಾತನ ಕಲ್ಲು ನೋಡಿ" ಎಂದ ತಳವಾರ.

ಸಭೆಯವರೆಲ್ಲ ಎದ್ದು ಹೋಗಿ ನೋಡಿದರು. ಬಲಗೈಯಲ್ಲಿ ಉದ್ದನೆಯ ಕತ್ತಿ ಇತ್ತು. ಎಡಗೈಯಲ್ಲಿ ಅದಕ್ಕಿಂತ ಗಿಡ್ಡನೆಯದು ಇತ್ತು.

"ಕಲ್ಲಿನಲ್ಲಿದೆ ಎಂದ ಮೇಲೆ ಇದ್ದೇ ಇದೆ. ಬರುವ ಅಮಾವಾಸ್ಯೆಗೆ ಇಬ್ಬರೂ ಕಾದಿ. ನೀನು ಎರಡು ಕತ್ತಿಯಲ್ಲೇ ಕಾದಬೇಕು, ಗುರಾಣಿ ಹಿಡಿದರೆ ಸೋತಂತೆ" ಎಂದ ಗೌಡ.

ಗೆದ್ದವನಿಗೆ ಕಾವಲು, ಕಾವಲಿನ ಹೊಲ, ಹೊಲದ ಪಕ್ಕದ ಮನೆ. ಯಾರ ಮೈಯಿಂದ ಮೊದಲು ರಕ್ತ ಸುರಿಯುತ್ತದೋ ಅವನು ಸೋತಂತೆ ಎಂದು ಕಟ್ಟಳೆಯಾಯಿತು. ರಕ್ತ ಮೈಯ ಯಾವ ಭಾಗದಿಂದ ಸುರಿಯಬೇಕು, ಎಷ್ಟು ಸುರಿದರೆ ನಿಲ್ಲಿಸಬೇಕು ಎಂಬುದು ಕಟ್ಟಳೆಯಲ್ಲಿ ಇರಲಿಲ್ಲ.

ತಳವಾರ ಹಿತ್ತಿಲಲ್ಲಿ ಬಾಳೆಯ ದಿಂಡುಗಳನ್ನು ನೆಟ್ಟು ಅಭ್ಯಾಸಕ್ಕೆ ನಿಂತ. ಎರಡು ಕತ್ತಿಯನ್ನೂ ಒಟ್ಟಿಗೆ ಬೀಸಿದ. ಅವು ದಿಂಡನ್ನು ತಲುಪುವ ಮೊದಲೇ ಒಂದಕ್ಕೊಂದು ತಗುಲಿದವು. ಒಂದಾದ ಮೇಲೊಂದು ಬೀಸಿದ. ಬಲಗೈ ಹೊಡೆಯುವಾಗ ಎಡಗೈ ಎಲ್ಲಿರಬೇಕೆಂದು ತಿಳಿಯದೆ ಗಾಳಿಯಲ್ಲಿ ತೂಗಾಡಿತು. ಒಮ್ಮೆ ರುಮಾಲಿನ ಸೆರಗು ತುಂಡಾಯಿತು, ಒಮ್ಮೆ ಮೊಣಕೈ ಕೊಯ್ದುಹೋಯಿತು.

ಅವನ ತಾಯಿ ಅರಿಶಿನ ಹಚ್ಚಿ ಬಟ್ಟೆ ಕಟ್ಟುತ್ತ, "ಜಟ್ಟಿ ಬರುವವರೆಗೆ ಸ್ವಲ್ಪ ಮೈ ಉಳಿಸಿಕೊಳ್ಳಪ್ಪ, ಅವನಿಗೂ ಏನಾದರೂ ಕೆಲಸ ಬೇಡವೇ?" ಎಂದಳು.

ಅಮಾವಾಸ್ಯೆ ಹತ್ತಿರ ಬಂತು. ಕಲ್ಲನ್ನು ಎಷ್ಟು ನೋಡಿದರೂ ಎಡಗೈಯ ಕೆಲಸ ಅರ್ಥವಾಗಲಿಲ್ಲ. ಆ ಕಲ್ಲನ್ನು ಕೆತ್ತಿದ ಶಿಲ್ಪಿ ಮುದುಕನಾಗಿ ಇನ್ನೂ ಬದುಕಿದ್ದ. ತಳವಾರ ಅವನ ಬಳಿಗೆ ಹೋದ.

"ತಾತ, ನನ್ನ ಅಜ್ಜ ಎಡಗೈಯ ಕತ್ತಿಯನ್ನು ಹೇಗೆ ಆಡಿಸುತ್ತಿದ್ದ? ನೀವು ಕೆತ್ತಿದ್ದೀರಿ, ನಿಮಗೆ ಗೊತ್ತಿರಬೇಕು."

"ಯಾವ ಎಡಗೈಯ ಕತ್ತಿ?" ಎಂದ ಶಿಲ್ಪಿ.

"ಕಲ್ಲಿನಲ್ಲಿರುವುದು."

"ಓ, ಅದಾ. ಅದು ಗುರಾಣಿ ಕಣೋ ಮಗ. ನಿನ್ನ ಅಜ್ಜ ಎಲ್ಲರ ಹಾಗೆ ಗುರಾಣಿ ಹಿಡಿದೇ ಹೋದ, ನಾನೂ ಗುರಾಣಿಯನ್ನೇ ಕೆತ್ತಿದೆ. ಮುಗಿಯುವ ಹೊತ್ತಿಗೆ ಉಳಿ ಜಾರಿ ಅರ್ಧ ಗುರಾಣಿ ಚಕ್ಕೆ ಎದ್ದುಹೋಯಿತು. ಉಳಿದ ಕಲ್ಲಿನಲ್ಲಿ ಒಂದು ಗಿಡ್ಡ ಕತ್ತಿ ಹಿಡಿಸುತ್ತಿತ್ತು. ಕತ್ತಿ ಮಾಡಿದೆ."

"ಬೇರೆ ಕಲ್ಲು ತರಬಾರದಿತ್ತೇ?"

"ಎಳೆಯುವುದಕ್ಕೆ ಎತ್ತು ಎಲ್ಲಿದ್ದವು? ಕಳ್ಳರು ಹೊಡೆದುಕೊಂಡು ಹೋಗಿದ್ದರಲ್ಲ. ನಿನ್ನ ಅಜ್ಜ ಸತ್ತದ್ದು ಅದಕ್ಕೇ ತಾನೇ?"

"ಕಲ್ಲಿನಲ್ಲಿ ಉಳಿದದ್ದಾದರೂ ನಿಜವೇ?" ಎಂದು ತಳವಾರ ಕೇಳಿದ.

"ಮೀಸೆ ನಿಜ, ನಿನ್ನ ಅಜ್ಜಿ ಎದುರಿಗೇ ಕೂತು ಮಾಡಿಸಿದಳು. ಮೇಲಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರೆದೊಯ್ಯುತ್ತಿದ್ದಾರೆ. ಅವರನ್ನೂ ನಾನು ನೋಡಿದವನಲ್ಲ. ಆ ಬಗ್ಗೆ ಇವತ್ತಿನವರೆಗೆ ಒಬ್ಬನೂ ಬಂದು ಕೇಳಲಿಲ್ಲ."

ತಳವಾರ ಮನೆಗೆ ಬಂದ. ಸಭೆಯ ಮುಂದೆ ಹೋಗಿ, ಕಲ್ಲು ಒಡೆದಿತ್ತು ಎಂದು ಹೇಳಬಹುದಿತ್ತು. ಹೇಳಿದರೆ ಕಾವಲೂ ಹೋಗುತ್ತಿತ್ತು, ಮನೆಯೂ ಹೋಗುತ್ತಿತ್ತು, ತಾಯಿಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು ಎಂದು ತಿಳಿಯುತ್ತಿರಲಿಲ್ಲ. ಹೇಳದಿದ್ದರೆ ಎರಡು ಕತ್ತಿ ಹಿಡಿದು ಜಟ್ಟಿಯ ಮುಂದೆ ನಿಲ್ಲಬೇಕಿತ್ತು. ಅವನು ಹಿತ್ತಿಲಿಗೆ ಹೋಗಿ ಬಾಳೆಯ ದಿಂಡಿನ ಎದುರು ಕೂತ.

ಶಿಲ್ಪಿಯ ಮಾತು ತಲೆಯಲ್ಲೇ ಇತ್ತು. ಅದು ಗುರಾಣಿ ಕಣೋ.

ಆಮೇಲೆ ಅವನು ಎದ್ದು ಕಮ್ಮಾರನ ಬಳಿಗೆ ಹೋಗಿ ಒಂದು ಕತ್ತಿಯ ತುದಿ ತೆಗೆಸಿ ಗಿಡ್ಡ ಮಾಡಿಸಿದ. ಅದನ್ನು ಎಡಗೈಯಲ್ಲಿ ಹಿಡಿದು, ಎಡಗಾಲು ಮುಂದಿಟ್ಟು, ಗುರಾಣಿ ಹಿಡಿದವನು ನಿಲ್ಲುವಂತೆ ನಿಂತ. ಆ ಕತ್ತಿಯಿಂದ ಒಂದು ಸಲವೂ ಹೊಡೆಯಲಿಲ್ಲ. ಬರುವ ಏಟನ್ನು ಹಿಡಿಯ ಹತ್ತಿರವೇ ತಗುಲಿಸಿಕೊಂಡು ಹೊರಗೆ ತಳ್ಳುವುದು ಎಡಗೈಯ ಕೆಲಸ. ಅದು ಮುಗಿಯುವವರೆಗೆ ಬಲಗೈ ಕಾಯಬೇಕು. ಎರಡು ಕತ್ತಿಗಳಿಗೂ ಒಟ್ಟಿಗೆ ಕೆಲಸ ಕೊಡಬಾರದು ಎಂದು ಅವನಿಗೆ ತಿಳಿಯಿತು. ಆ ದಿನ ಅವನ ಮೈಗೆ ಗಾಯವಾಗಲಿಲ್ಲ. ತಾಯಿ ಅರಿಶಿನದ ಬಟ್ಟಲನ್ನು ಒಳಗಿಟ್ಟಳು.

ಅಮಾವಾಸ್ಯೆ ಬಂತು. ಜಟ್ಟಿ ಗುರಾಣಿ ಸೀಳುವುದರಲ್ಲಿ ಪಳಗಿದವನು. ಸೀಳಲು ಗುರಾಣಿಯೇ ಇರಲಿಲ್ಲ. ಆದರೂ ಅಭ್ಯಾಸದಂತೆ ಕತ್ತಿಯನ್ನು ತಲೆಯ ಮೇಲೆತ್ತಿ ಇಳಿಸಿದ. ಗಿಡ್ಡ ಕತ್ತಿ ಅದನ್ನು ಪಕ್ಕಕ್ಕೆ ಸರಿಸಿತು. ಭಾರದ ಕತ್ತಿ ನೆಲಕ್ಕೆ ಹೋಯಿತು, ಅದನ್ನು ಹಿಡಿದ ಕೈಯೂ ಬಗ್ಗಿತು. ಆಗ ಬಲಗೈಯ ಕತ್ತಿ ಬಂದು ಜಟ್ಟಿಯ ಮಣಿಕಟ್ಟನ್ನು ಮುಟ್ಟಿತು. ರಕ್ತ ಸುರಿಯಿತು. ನೋಡಲು ಬಂದಿದ್ದ ಜನ ಇನ್ನೂ ಸರಿಯಾಗಿ ಕೂತಿರಲಿಲ್ಲ.

"ಕಲ್ಲು ಸುಳ್ಳು ಹೇಳುವುದಿಲ್ಲ" ಎಂದ ಗೌಡ. ಸಭೆ ಹೌದು ಎಂದಿತು. ಎಲ್ಲರಿಗಿಂತ ಗಟ್ಟಿಯಾಗಿ ಹೌದು ಎಂದವನು ಶಿಲ್ಪಿ.

ಗುರುಗಳು ಅಲಗನ್ನು ಒರೆಸಿ ಒರೆಯಲ್ಲಿಟ್ಟರು.

"ನಮ್ಮ ಕೆರೆ ಏರಿಯ ಕಲ್ಲು ಆ ತಳವಾರನ ತಾತನದೇ, ಗುರುಗಳೇ?" ಎಂದು ಕೇತ ಕೇಳಿದ.

"ಇರಬಹುದು, ಇಲ್ಲದೆಯೂ ಇರಬಹುದು. ಉಳಿ ಎಲ್ಲ ಊರಿನಲ್ಲೂ ಜಾರುತ್ತದೆ."

"ತಾತನ ಕಲ್ಲು ಹೋಗಲಿ. ಎರಡು ಕತ್ತಿ ಹಿಡಿದು ನಿಜವಾಗಿ ಗೆದ್ದ ಆ ಮೊಮ್ಮಗನ ವೀರಗಲ್ಲು ಎಲ್ಲಿದೆ ಹೇಳಿ. ಅದನ್ನು ನೋಡಿಯೇ ಪಟ್ಟು ಕಲಿಯುತ್ತೇನೆ."

"ಅವನಿಗೆ ಯಾವ ಕಲ್ಲೂ ಇಲ್ಲ ಕೇತ, ಅವನು ಗೆದ್ದು ಮನೆಗೆ ಹೋಗಿ ಊಟ ಮಾಡಿದ."