ಬಾಯಿ ತೆಗೆದವರಿಗೆಲ್ಲ ಪುಡಿ

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ತೂಕಡಿಸುವವರು ಈಗಲೇ ಎದ್ದು ಹೋಗಿ. ನಾಲೆ ಪಕ್ಕದ ಊರಲ್ಲಿ ಸಣ್ಣತಾಯಿ ಅಂತ ಒಬ್ಬಳು. ಅವಳಿಗೆ ಜವರ ಅಂತ ಒಬ್ಬನೇ ಮಗ. ಎಮ್ಮೆಗಿಂತ ಗಟ್ಟಿ ಮೈ, ಎಮ್ಮೆಗಿಂತ ಮಂದ ಬುದ್ಧಿ. ಇಬ್ಬರ ಹೊಟ್ಟೆ ತುಂಬುತ್ತಿದ್ದುದು ಮನೆಯ ಒಂದು ಎಮ್ಮೆಯಿಂದ. ಅದೂ ಈಗ ಹಾಲು ಕಡಿಮೆ ಮಾಡಿತ್ತು.

"ಇದು ಬತ್ತಿದ್ರೆ ನಾವು ಮಣ್ಣು ತಿನ್ಬೇಕು ಕಣ್ಲಾ!" ಅಂತ ಅವಳ ಗೋಳು.

ಒಂದು ದಿನ ಕೋಳಿಗಳಿಗೆ ನೆಗಡಿ. "ಬೆಳ್ಳುಳ್ಳಿ ಅರಿಶಿನ ಅರೆದು ಕೋಳಿಗೆ ಹಾಕು ಕಣ್ಲಾ!" ಅಂದಳು. ಜವರ ಅರೆದ. ಕೋಳಿ ಸಾರು ಮಾಡುವ ಮೊದಲು ಅವ್ವ ಹೇಗೆ ಸವರುತ್ತಾಳೋ ಹಾಗೇ ಜೀವಂತ ಕೋಳಿಗಳ ಮೈಗೆಲ್ಲ ಸವರಿ, ನೆನೆಯಲಿ ಅಂತ ಬಿಟ್ಟ.

"ಮುಠ್ಠಾಳ! ತವುಡಿಗೆ ಕಲಸಿ, ಅಂಗಳಕ್ಕೆ ಎರಚಿ, ಕೊಕ್ಕೊಕ್ಕೊ ಅಂತ ಕರೀಬೇಕು!"

"ಹಂಗೇ ಆಗ್ಲಿ ಕಣವ್ವ!"

ಮಾರನೆಯ ದಿನ, "ಎಮ್ಮೆಗೆ ಮೆಂತ್ಯ ಜೀರಿಗೆ ಕುಟ್ಟಿ ಕೊಡು ಕಣ್ಲಾ, ಹಾಲು ಏರ್ತದೆ!" ಅಂದಳು. ಜವರ ತವುಡಿಗೆ ಕಲಸಿದ, ಅಂಗಳಕ್ಕೆ ಎರಚಿದ, ಕೊಕ್ಕೊಕ್ಕೊ ಅಂದ. ಬೀದಿಯ ಕೋಳಿಗಳೆಲ್ಲ ಬಂದು ತಿಂದವು. ಕಟ್ಟಿದ್ದ ಎಮ್ಮೆ ನೋಡುತ್ತಾ ನಿಂತಿತು.

"ಅಯ್ಯೋ ನನ್ ಕರ್ಮವೇ! ಮೂತಿ ಎತ್ತಿ, ಬಿದಿರಿನ ಗೊಟ್ಟ ಬಾಯಿಗಿಟ್ಟು ಸುರೀಬೇಕು! ನುಂಗೋಗಂಟ ಬಿಡಬಾರದು!"

"ಹಂಗೇ ಆಗ್ಲಿ ಕಣವ್ವ!"

ಆಮೇಲೆ, "ಹಿತ್ತಲ ಹೊಂಡದ ಮೀನಿಗೆ ಬೇವಿನ ಪುಡಿ ಕಲಸಿದ ಹಿಂಡಿ ಹಾಕಿ ಬಾ" ಅಂದಳು. ಜವರ ದಪ್ಪ ಮೀನೊಂದನ್ನು ದಡಕ್ಕೆ ತಂದು, ಮೂತಿ ಎತ್ತಿ, ಗೊಟ್ಟ ಇಟ್ಟು ಕೂತ. ಮೀನು ಸತ್ತಿತು.

"ನುಂಗ್ಲೇ ಇಲ್ಲ ಕಣವ್ವ, ಅದಕ್ಕೇ ಬಿಡ್ಲಿಲ್ಲ!"

"ಇನ್ಮೇಲೆ ಯಾರನ್ನೂ ಹಿಡೀಬೇಡ! ತಾವಾಗೇ ಬಾಯಿ ತೆಗೆದಾಗ ಹಾಕು, ಅಷ್ಟೇ!"

"ಹಂಗೇ ಆಗ್ಲಿ ಕಣವ್ವ!"

ಅಷ್ಟರಲ್ಲಿ ಹೊಳೆಯುವ ಮೂಟೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಪುಡಿ ಮಾರುವ ಸಾಹೇಬನೊಬ್ಬ ಬಂದ. ಒಂದು ಮೂಟೆ ಬಿಚ್ಚಿ ತೋರಿಸಿದ.

"ನೂರೊಂದು ಗಿಡಮೂಲಿಕೆ ಕಣಮ್ಮ! ಕೋಳಿಗೂ ಇದೇ, ಮೀನಿಗೂ ಇದೇ! ಆ ಬತ್ತೋ ಎಮ್ಮೆ ನನಗೆ ಕೊಡಿ, ಎರಡು ಮೂಟೆ ಇಳಿಸ್ತೀನಿ. ತಿಂದ ಕೋಳಿಗಳೇ ಎಮ್ಮೆಯಷ್ಟಾಗ್ತವೆ!"

ಮಗನಿಂದ ಬೇಸತ್ತಿದ್ದ ಸಣ್ಣತಾಯಿ ಅಳುತ್ತಲೇ ಹಗ್ಗ ಬಿಚ್ಚಿದಳು. ಸಾಹೇಬ ಬಾಯಿ ತುಂಬ ನಕ್ಕ. ಮೂಟೆಯ ಪಕ್ಕ ಕಾದು ನಿಂತಿದ್ದ ಜವರ ಎರಡೂ ಮುಷ್ಟಿ ತುಂಬಿಕೊಂಡು, ಒಂದನ್ನು ಆ ಬಾಯಿಗೆ ಸುರಿದ.

"ಥೂ! ಥೂ! ಮರದ ಹೊಟ್ಟು ತಿನ್ನಿಸ್ತೀಯೇನೋ ಪೆದ್ದ!"

"ಮರದ ಹೊಟ್ಟಾ?" ಸಣ್ಣತಾಯಿ ಒಂದು ಕೈಯಲ್ಲಿ ಹಗ್ಗ ಎಳೆದುಕೊಂಡು, ಇನ್ನೊಂದರಲ್ಲಿ ಪೊರಕೆ ಎತ್ತಿದಳು. ಸಾಹೇಬ ಬಿಚ್ಚಿದ ಮೂಟೆ ಬಿಟ್ಟು ಟೆಂಪೋ ಹತ್ತಿದ.

ಎಮ್ಮೆ ಉಳಿಯಿತು. ಹುಟ್ಟಿದಾಗಿನಿಂದ ಮಗನನ್ನು ಒಮ್ಮೆಯೂ ಹೊಗಳದ ಸಣ್ಣತಾಯಿಯ ಕಣ್ಣು ತುಂಬಿತು. "ನನ್ ಬಂಗಾರಾ..." ಅಂತ ಬಾಯಿ ತೆಗೆದಳು.

ಜವರನ ಇನ್ನೊಂದು ಮುಷ್ಟಿ ತುಂಬಿಯೇ ಇತ್ತು. ಹಾಕಿಬಿಟ್ಟ.