ಆಣೆ ಮಾಡದ ಎತ್ತು

“ಬುದ್ಧೀ, ಈ ಸಲ ಯಾವ ದೇವರ ಮೇಲೆ ಆಣೆ ಮಾಡಲಿ?” ಎಂದು ಚಿಕ್ಕೀರಯ್ಯ ಗುರುಗಳನ್ನು ಕೇಳಿದ.

ಅವನು ಕುಡಿತ ಬಿಟ್ಟು ಮಠ ಸೇರಿ ಆರು ತಿಂಗಳಾಗಿತ್ತು. ಹಿಂದೆಯೂ ಎರಡು ಸಲ ಹೀಗೆಯೇ ಬಿಟ್ಟಿದ್ದ. ಎರಡು ಸಲವೂ ಊರಿಗೆ ಮರಳಿದ ವಾರದೊಳಗೆ ಮತ್ತೆ ಕುಡಿದಿದ್ದ. ನಾಳೆ ಮತ್ತೆ ಊರಿಗೆ ಹೊರಡಬೇಕು. ಇನ್ನೊಮ್ಮೆ ಕುಡಿದು ಬಂದರೆ ಬಾಗಿಲು ತೆಗೆಯುವುದಿಲ್ಲವೆಂದು ಹೆಂಡತಿ ಹೇಳಿಕಳಿಸಿದ್ದಳು. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು. ಅವನಿಗೆ ನಿಜಕ್ಕೂ ಭಯವಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗಾಡಿಯವನಿದ್ದ. ಒಂಟೆತ್ತಿನ ಗಾಡಿಯಲ್ಲಿ ಪೇಟೆಗೆ ಇಟ್ಟಿಗೆ ಸಾಗಿಸುತ್ತಿದ್ದ. ಸಂಜೆ ಬರಿಗಾಡಿಯಲ್ಲಿ ಮರಳುವಾಗ ಹೆಂಡದಂಗಡಿಯ ಮುಂದೆ ನಿಲ್ಲಿಸಿ, ಎತ್ತಿಗೆ ಒಂದು ಹಿಡಿ ಹಿಂಡಿ ಹಾಕಿ, ತಾನು ಕಂಠಪೂರ್ತಿ ಕುಡಿಯುತ್ತಿದ್ದ. ಹನ್ನೆರಡು ವರ್ಷ ಹೀಗೆಯೇ ನಡೆಯಿತು. ಒಂದು ದಿನ ಮನೆದೇವರ ದೀಪ ಮುಟ್ಟಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿದ. ಆ ಆಣೆಯಲ್ಲಿ ಕಪಟವಿರಲಿಲ್ಲ. ಆದರೆ ಸಂಜೆ ಗಾಡಿಯಲ್ಲಿ ತೂಕಡಿಸುತ್ತ ಬರುತ್ತಿದ್ದಾಗ ಎತ್ತು ನಿಂತುಬಿಟ್ಟಿತು. ಕಣ್ಣು ಬಿಟ್ಟರೆ ಎದುರಿಗೆ ಅದೇ ಅಂಗಡಿ, ಮೂಗಿಗೆ ಅದೇ ವಾಸನೆ. ಇಳಿದ, ಕುಡಿದ.

ಎರಡನೆಯ ಸಲ ಇನ್ನೂ ದೊಡ್ಡ ದೇವರನ್ನು ಹುಡುಕಿಕೊಂಡು ಹೋಗಿ ಆಣೆ ಮಾಡಿದ. ಎತ್ತು ಮತ್ತೆ ಅಲ್ಲೇ ನಿಂತಿತು. ಸಿಟ್ಟಿಗೆದ್ದು ಬಾರುಕೋಲಿನಿಂದ ಬಾರಿಸಿದ. ಪಾಪ, ಅದಕ್ಕೇನು ಗೊತ್ತು! ಅಲ್ಲಿ ನಿಂತರೆ ಹಿಂಡಿ ಸಿಗುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಹೊಡೆದು ಹೊಡೆದು ಇವನ ಕೈ ಸೋತಿತು. ಸೋತ ಕೈಗೆ ಅಂಗಡಿಯವನು ಹೆಂಡದ ಕುಡಿಕೆ ಕೊಟ್ಟ.

ಮೂರನೆಯ ಸಲ ಅವನು ಯಾವ ದೇವರ ತಂಟೆಗೂ ಹೋಗಲಿಲ್ಲ. ಅಂಗಡಿಗಿಂತ ಮುಂಚೆ ಒಂದು ಹುಣಸೆಮರವಿತ್ತು. ಅಲ್ಲೇ ಗಾಡಿಯಿಂದ ಇಳಿದು, ಮೂಗುದಾರ ಹಿಡಿದು ಮುಂದೆ ನಡೆದ. ಅಂಗಡಿಯ ಮುಂದೆ ಎತ್ತು ಕಾಲೂರಿ ನಿಂತಿತು. ಇವನು ಬೆವರು ಸುರಿಸುತ್ತ ಎಳೆದ. ಕುಡಿಯುತ್ತ ಕೂತವರು ಕೇಕೆ ಹಾಕಿ ನಕ್ಕರು.

“ಎಂಥಾ ಗಂಡಸಯ್ಯ ನೀನು! ಒಂದು ಅಂಗಡಿಗೆ ಹೆದರಿ ಗಾಡಿ ಇಳಿದು ನಡೀತೀಯಲ್ಲ! ನಾಯಿ ಬಾಲ ಯಾವತ್ತಿದ್ರೂ ಡೊಂಕೇ. ನಾಳೆ ಇಲ್ಲೇ ಬಂದು ಕೂರ್ತೀಯ, ನೋಡ್ತಿರು.”

“ಹೌದು, ಹೆದರ್ತೀನಿ. ನಾಳೇನೂ ಹೆದರ್ಕೊಂಡೇ ಹೋಗ್ತೀನಿ. ನಗೋರು ಹೊತ್ತಿಗೆ ಸರಿಯಾಗಿ ಬನ್ನಿ!”

ಮರುದಿನವೂ ಇಳಿದ. ಮಳೆ ಬಂದರೂ ಇಳಿದ, ಮೈಯಲ್ಲಿ ಜ್ವರವಿದ್ದರೂ ಇಳಿದ. ಹಿಂಡಿಯನ್ನು ಅಂಗಡಿ ದಾಟಿದ ಮೇಲೆ, ಸೇತುವೆಯ ಹತ್ತಿರ ಹಾಕತೊಡಗಿದ. ಕೊನೆಗೆ ನಗುವವರಿಗೇ ಬೇಸರ ಬಂತು. ವರ್ಷ ತುಂಬುವ ಹೊತ್ತಿಗೆ ಎತ್ತು ಅಂಗಡಿಯ ಕಡೆ ತಿರುಗಿಯೂ ನೋಡದೆ ಸೇತುವೆಯತ್ತ ಹೆಜ್ಜೆ ಹಾಕಿತು. ಅವನು ಮಾತ್ರ ಅಂದೂ ಹುಣಸೆಮರದ ಬಳಿ ಗಾಡಿಯಿಂದ ಇಳಿದಿದ್ದ.

ಕತೆ ಮುಗಿಯಿತು. ಚಿಕ್ಕೀರಯ್ಯ, “ಹಾಗಾದರೆ ನಾನು ಆಣೆ ಮಾಡುವುದೇ ಬೇಡವೇ ಬುದ್ಧೀ?” ಎಂದ.

ಗುರುಗಳು ಹೇಳಿದರು: “ಆಣೆ ಆಮೇಲೆ ಮಾಡುವೆಯಂತೆ; ನಾಳೆ ಹೋಗುವ ದಾರಿಯಲ್ಲಿ ನಿನ್ನ ಹುಣಸೆಮರ ಎಲ್ಲಿದೆ, ಅದನ್ನು ಮೊದಲು ಹೇಳು.”